ಮೊದಲು ಹೆಸರು ಬರೆಸಿಕೊಳ್ಳಿ, ಆಮೇಲೆ ಸ್ಕ್ಯಾನರ್ ಹಚ್ಚಿ

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದ ಮೇಲಿನ ಮಹಡಿಯಲ್ಲಿ ಕೀಲಿಕೈ ಕಳೆದುಹೋದ ಒಂದು ತಿಜೋರಿ ಇತ್ತು. ಬಾಗಿಲು ಮುರಿಸಿ ನೋಡಿದರೆ ಏಳು ಆಲ್ಬಮ್. ಘಟಿಕೋತ್ಸವ, ಎನ್ನೆಸ್ಸೆಸ್ ಶಿಬಿರ, ಹಾಸ್ಟೆಲ್ ಡೇ, ಯಾವುದೋ ಮಂತ್ರಿ ಗಿಡಕ್ಕೆ ನೀರು ಹಾಕುತ್ತಿರುವುದು. ಹುರುಪಿನಲ್ಲಿ ನಾನೂ ಇಬ್ಬರು ಎಂ.ಲಿಬ್. ಹುಡುಗರೂ ಸೇರಿ ಒಂದೇ ವಾರದಲ್ಲಿ ನಾಲ್ಕುನೂರು ಚಿತ್ರ ಸ್ಕ್ಯಾನ್ ಮಾಡಿ ಮುಗಿಸಿದೆವು. ಫೈಲುಗಳಿಗೆ ಸ್ಕ್ಯಾನರ್ ಕೊಟ್ಟ ನಂಬರೇ ಹೆಸರು. ಮೂರು ತಿಂಗಳಾದ ಮೇಲೆ ಒಂದು ವಿಭಾಗದವರು ಬಂದು, 'ನಮ್ಮ ಮೊದಲನೇ ಬ್ಯಾಚಿನ ಫೋಟೊ ಐತೇನ್ರಿ?' ಅಂದರು. ಇತ್ತು. ಯಾವುದು ಅಂತ ಹೇಳುವವರು ಮಾತ್ರ ಇರಲಿಲ್ಲ.

ಆದ್ದರಿಂದ ನನ್ನ ಮಾತು ಕೇಳುವುದಾದರೆ, ಸ್ಕ್ಯಾನರ್ ಕೊಳ್ಳುವ ಮೊದಲು ಒಂದು ಟೇಬಲ್, ಒಂದು ಭೂತಗನ್ನಡಿ, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ನವೆಂಬರಿನಲ್ಲಿ ನಮ್ಮಲ್ಲಿ ನಿವೃತ್ತರೆಲ್ಲ ಜೀವಿತ ಪ್ರಮಾಣಪತ್ರ ಕೊಡಲು ಬರುತ್ತಾರೆ. ಹಣಕಾಸು ವಿಭಾಗದ ಹೊರಗೆ ಆಲ್ಬಮ್ ತೆರೆದಿಟ್ಟುಕೊಂಡು ಕೂತೆ. ಪ್ರೊಫೆಸರುಗಳಿಗಿಂತ ಹೆಚ್ಚು ಗುರುತು ಹಿಡಿದದ್ದು ಅಟೆಂಡರುಗಳು. ಒಬ್ಬರು ವೇದಿಕೆಯ ಚಿತ್ರ ನೋಡಿ ನಕ್ಕು, 'ಸರ, ಈ ಮೂರನೇಯಾಂವ ಪ್ರೊಫೆಸರ್ ಅಲ್ರಿ, ಮೈಕಿನವ. ಕುರ್ಚಿ ಖಾಲಿ ಐತಿ ಅಂತ ಕುಂದ್ರಿಸಿದ್ರು' ಅಂದರು. ಇಂಥದ್ದು ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಹೇಳಿದ್ದನ್ನು ಎಕ್ಸೆಲ್ ಹಾಳೆಯಲ್ಲಿ ಬರೆಯಿರಿ: ಕ್ರಮಸಂಖ್ಯೆ, ಸಂದರ್ಭ, ಸ್ಥಳ, ಕಾಲ, ಎಡದಿಂದ ಬಲಕ್ಕೆ ಯಾರ್ಯಾರು, ಚಿತ್ರ ತೆಗೆದವರು, ಆಲ್ಬಮ್ ಎಲ್ಲಿಂದ ಬಂತು. ಕೊನೆಗೆ 'ಗುರುತಿಸಿದವರು' ಎಂಬ ಒಂದು ಕಾಲಂ ಇರಲೇಬೇಕು. ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ ಬರೆಯಿರಿ, ನೀವು ನ್ಯಾಯ ತೀರಿಸಲು ಹೋಗಬೇಡಿ. ಡಬ್ಲಿನ್ ಕೋರ್ ಎಂಬ 15 ಅಂಶಗಳ ವಿವರಣಾ ಪದ್ಧತಿಯೊಂದಿದೆ. ಈ ಕಾಲಂಗಳನ್ನು ಮುಂದೆ ಅದಕ್ಕೆ ಹೊಂದಿಸಬಹುದು. ಮೊದಲ ದಿನವೇ ಅದರ ಹೆದರಿಕೆ ಬೇಡ.

ತಾರೀಖು ಗೊತ್ತಾಗದಿದ್ದರೆ ಚಿತ್ರದ ಮೂಲೆ ಮೂಲೆ ನೋಡಿ. ಧಾರವಾಡದ ಸುತ್ತಿನ ನಮ್ಮ ಪ್ರದೇಶ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಹಿಂದಿನ ಬ್ಯಾನರಿನಲ್ಲಿ 'ಮೈಸೂರು ರಾಜ್ಯ' ಎಂದಿದ್ದರೆ ಹದಿನೇಳು ವರ್ಷಗಳ ಅವಧಿ ಸಿಕ್ಕಿತಲ್ಲ! ಚಿತ್ರದ ಬೆನ್ನಿಗೆ ಸ್ಟುಡಿಯೊದ ಮೊಹರು ಇರುತ್ತದೆ, ಆದ್ದರಿಂದ ಬೆನ್ನನ್ನೂ ಸ್ಕ್ಯಾನ್ ಮಾಡಿ.

ಸ್ಕ್ಯಾನಿಂಗ್ ವಿಷಯ ಬೇಗ ಮುಗಿಸುತ್ತೇನೆ. ಫೋಟೊಗೆ 600 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ), ವಿವರ ಕಳೆಯದೆ ಉಳಿಸುವ ಟಿಫ್ ಫೈಲು, ಕಪ್ಪುಬಿಳುಪಾದರೂ ಬಣ್ಣದಲ್ಲೇ. ಹಳದಿ ತಿರುಗಿದ ಕಾಗದವೂ ಒಂದು ಸಾಕ್ಷಿ. ನಾಲ್ಕು-ಆರು ಇಂಚಿನ ಚಿತ್ರ ಸುಮಾರು 26 ಎಂಬಿ ಆಗುತ್ತದೆ, ಆಗಲಿ. ಹಂಚಲು ಬೇರೆ ಜೆಪೆಗ್ ಮಾಡಿಕೊಳ್ಳಿ. ಹೊಳಪು ಕೊಡುವುದು, ಕಲೆ ಅಳಿಸುವುದು ಏನಿದ್ದರೂ ಜೆಪೆಗ್‌ನ ಮೇಲೆ. ವಾಟ್ಸಾಪಿನಲ್ಲಿ ಬಂದ ಚಿತ್ರವನ್ನು ಮೂಲಪ್ರತಿ ಎಂದು ಸೇರಿಸಬೇಡಿ, ಅದು ಬರುವಾಗಲೇ ಸೊರಗಿರುತ್ತದೆ. ಅಂಟುಪುಟದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದ ಆಲ್ಬಮ್‌ಗಳಲ್ಲಿ ಚಿತ್ರ ಎಳೆದು ಕೀಳಲು ಹೋಗಬೇಡಿ. ಹಲ್ಲಿನ ಸಂದಿ ತೆಗೆಯುವ ದಾರವನ್ನು ಹಿಂಬದಿಗೆ ತೂರಿಸಿ ಗರಗಸದಂತೆ ಮೆಲ್ಲಗೆ ಆಡಿಸಿದರೆ ಕೆಲವು ಬಿಡುತ್ತವೆ. ಬಿಡದಿದ್ದರೆ ಪುಟಸಮೇತ ಸ್ಕ್ಯಾನ್ ಮಾಡಿ. ಸ್ಟೇಪ್ಲರ್ ಪಿನ್ನು ತೆಗೆಯಿರಿ, ತುಕ್ಕು ಕಾಗದವನ್ನು ತಿನ್ನುತ್ತದೆ. ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಕೊಳೆಯುತ್ತಿದೆ ಎಂದರ್ಥ. ಅದನ್ನು ಉಳಿದವುಗಳಿಂದ ದೂರ ಇಟ್ಟು ಮೊದಲು ಅದನ್ನೇ ಸ್ಕ್ಯಾನ್ ಮಾಡಿ.

ಫೈಲಿನ ಹೆಸರು ಚಿಕ್ಕದಾಗಿರಲಿ: ವರ್ಷ, ಆಲ್ಬಮ್ ಸಂಖ್ಯೆ, ಚಿತ್ರ ಸಂಖ್ಯೆ, ಅಷ್ಟೇ. ಉದಾಹರಣೆಗೆ 1974_03_018. ಕತೆಯೆಲ್ಲ ಎಕ್ಸೆಲ್ ಹಾಳೆಯಲ್ಲಿ, ಕನ್ನಡದಲ್ಲಿ, ಎಲ್ಲ ಕಂಪ್ಯೂಟರೂ ಓದುವ ಅಕ್ಷರಸಂಕೇತವಾದ ಯೂನಿಕೋಡ್‌ನಲ್ಲಿ.

ಯೂನಿಕೋಡ್ ಅಂದೆನಲ್ಲ, ಪ್ರಬಂಧಗಳ ವಿಷಯದಲ್ಲಿ ನಮ್ಮ ದೊಡ್ಡ ಸಂಕಟ ಅದೇ. ಪಿಎಚ್‌ಡಿ ಪ್ರಬಂಧಗಳನ್ನು ಗುಜರಾತಿನ ಗಾಂಧಿನಗರದಲ್ಲಿ ಗ್ರಂಥಾಲಯಗಳ ಜಾಲ ನಡೆಸುವ ಇನ್‌ಫ್ಲಿಬ್‌ನೆಟ್‌ನವರ ಶೋಧಗಂಗಾ ಎಂಬ ಜಾಲತಾಣದ ಸಂಗ್ರಹಕ್ಕೆ ಕೊಡಬೇಕೆಂಬ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ 2009ರಿಂದ ಇದೆ. ಅದಕ್ಕೂ ಹಿಂದೆ, 2000ದಲ್ಲೇ, ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಬಂಧಗಳಿಗಾಗಿ ವಿದ್ಯಾನಿಧಿ ಯೋಜನೆ ಶುರುವಾಗಿತ್ತು. ಆದರೆ ಕನ್ನಡದ ಹಳೆಯ ಪ್ರಬಂಧಗಳು ಬಹಳಷ್ಟು ನುಡಿ, ಶ್ರೀಲಿಪಿ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನುಡಿಯ ಫೈಲು ತೆರೆದು ನೋಡಿ: 'ಕನ್ನಡ' ಎಂಬ ಮೂರಕ್ಷರದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟೆಳೆದುಕೊಂಡ ಎ, ಪೌಂಡಿನ ಗುರುತು! ಪಿಡಿಎಫ್‌ನಲ್ಲಿ ಕಣ್ಣಿಗೆ ಕನ್ನಡವೇ ಕಂಡರೂ ಒಳಗೆ ಇದೇ ಇರುತ್ತದೆ. 'ವಚನ' ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ವಿದ್ಯಾರ್ಥಿಯಿಂದ ವರ್ಡ್ ಫೈಲನ್ನೂ ಕೇಳಿ ಪಡೆಯಿರಿ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದು ಅರ್ಕಾವತ್ತು, ಒತ್ತಕ್ಷರ ಬರುವ ಕಡೆ ಕಣ್ಣಿಟ್ಟು ಓದಿ. ಸಂಗ್ರಹಕ್ಕೆ ಇಡುವ ಪ್ರತಿ ಪಿಡಿಎಫ್-ಎ ಆಗಿರಲಿ, ಅದರಲ್ಲಿ ಫಾಂಟ್ ಒಳಗೇ ಸೇರಿರುತ್ತದೆ. ಮುದ್ರಿತ ಪ್ರತಿ ಮಾತ್ರ ಇದ್ದರೆ ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶ ಸ್ಕ್ಯಾನ್ ಮಾಡಿದ ಪುಟದ ಕನ್ನಡವನ್ನು ಓದಿ ಅಕ್ಷರವಾಗಿಸುತ್ತದೆ. ತಪ್ಪೂ ಮಾಡುತ್ತದೆ, ಹುಡುಕಾಟಕ್ಕೆ ಸಾಕು, ಉಲ್ಲೇಖಕ್ಕೆ ಸಾಲದು.

ಪ್ರಬಂಧಕ್ಕಾದರೂ ಒಂದು ನಿಯಮ ಇದೆ. ವಿದ್ಯಾರ್ಥಿಗಳ ಉಳಿದ ಬರಹ, ದನಿಗಳಿಗೆ ಹೇಳುವವರು ಕೇಳುವವರು ಇಲ್ಲ. ಭಿತ್ತಿಪತ್ರಿಕೆಯನ್ನೇ ತೆಗೆದುಕೊಳ್ಳಿ. ಕೈಬರಹದ ಕವಿತೆ, ಸ್ಕೆಚ್ ಪೆನ್ನಿನ ಚಿತ್ರ, ಹೊಸ ಸಂಚಿಕೆ ಬಂದ ದಿನ ಹಳೆಯದು ಕಸದ ಬುಟ್ಟಿಗೆ. ಕೆಳಗಿಳಿಸುವ ದಿನ ಹಗಲು ಬೆಳಕಿನಲ್ಲಿ ಸ್ಟ್ಯಾಂಡ್ ಇಟ್ಟು ಇಡಿಯಾಗಿ ಒಂದು, ತುಂಡು ತುಂಡಾಗಿ ನಾಲ್ಕು ಫೋಟೊ ತೆಗೆದರೆ ಹತ್ತು ನಿಮಿಷದ ಕೆಲಸ. ಜಾನಪದ ಓದಿದವರ ಕ್ಷೇತ್ರಕಾರ್ಯದ ಕ್ಯಾಸೆಟ್ಟುಗಳು ಇನ್ನೂ ತುರ್ತು. ಬೀಸುವ ಪದ ಹಾಡಿದ ಅಜ್ಜಿಯ ದನಿ ಇನ್ನೆಲ್ಲೂ ಸಿಗಲಾರದು. ಮೊದಲು ಕ್ಯಾಸೆಟ್ಟಿನ ಮೇಲಂಚಿನ ಚಿಕ್ಕ ಪ್ಲಾಸ್ಟಿಕ್ ಎಲೆಗಳನ್ನು ಮುರಿಯಿರಿ, ಆಮೇಲೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ಆಮೇಲೆ ದನಿಯನ್ನು ಕಂಪ್ಯೂಟರಿಗೆ ಇಳಿಸಿ: 96 ಕಿಲೋಹರ್ಟ್ಜ್, 24 ಬಿಟ್, ವೇವ್ ಫೈಲು. ಸ್ಟೀರಿಯೊ ಆದರೆ ಗಂಟೆಗೆ ಸುಮಾರು 2 ಜಿಬಿ.

ಎಲ್ಲವನ್ನೂ ಎಲ್ಲರಿಗೂ ತೆರೆದಿಡಲು ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರಹದ ಹಕ್ಕು ಲೇಖಕರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ. ಫೋಟೊಗೆ ಮೊದಲು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇತ್ತು, 2012ರ ತಿದ್ದುಪಡಿಯಿಂದ ಅದಕ್ಕೂ ತೆಗೆದವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ. ವಿದ್ಯಾರ್ಥಿಯ ಕವಿತೆ ವಿದ್ಯಾರ್ಥಿಯದೇ. ಒಂದು ಪುಟದ ಒಪ್ಪಿಗೆ ಪತ್ರ ಕನ್ನಡದಲ್ಲೇ ಮಾಡಿ, ಪ್ರವೇಶದ ವೇಳೆ ಬೇಡ, ಕೃತಿ ಕೊಡುವಾಗ ಸಹಿ ಹಾಕಿಸಿ. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಒಂದು ಆಲ್ಬಮ್ಮನ್ನು ನಾವು ಕಾನೂನು ನೋಡದೆಯೇ ಒಳಗೆ ಇಟ್ಟಿದ್ದೇವೆ. ಅದರಲ್ಲಿರುವವರು ಬಂದು ಕೇಳಿದರೆ ಮಾತ್ರ ತೋರಿಸುತ್ತೇವೆ.

ಇವನ್ನೆಲ್ಲ ಜೋಡಿಸಿಟ್ಟು ಜಾಲದಲ್ಲಿ ಹುಡುಕಿ ನೋಡಲು ತಂತ್ರಾಂಶ ಅಂದರೆ ಡಿಸ್ಪೇಸ್. 2002ರಲ್ಲಿ ಅಮೆರಿಕದ ಎಂಐಟಿ ಮತ್ತು ಎಚ್‌ಪಿ ಸೇರಿ ಹೊರತಂದದ್ದು, ಉಚಿತ, ಶೋಧಗಂಗಾ ನಡೆಯುವುದೂ ಇದರಲ್ಲೇ. ಆದರೆ ಸರ್ವರ್ ನೋಡಿಕೊಳ್ಳುವ ಕಾಯಂ ಮನುಷ್ಯ ಇಲ್ಲದಿದ್ದರೆ ಹಾಕಿಸಬೇಡಿ. ಗುತ್ತಿಗೆಯ ಹುಡುಗ ಬಿಟ್ಟು ಹೋದ ದಿನ ಪಾಸ್‌ವರ್ಡೂ ಹೋಗುತ್ತದೆ. ಅಚ್ಚುಕಟ್ಟಾದ ಫೋಲ್ಡರು, ಎಕ್ಸೆಲ್ ಹಾಳೆ ಇದ್ದರೆ ಡಿಸ್ಪೇಸ್‌ಗೆ ಐದು ವರ್ಷ ಬಿಟ್ಟೂ ಏರಿಸಬಹುದು.

ಪ್ರತಿ ಮೂರು ಇರಲಿ: ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ನಾವು ಹಿಂದೆ ಸಿಡಿಗೆ ಬರೆದು ಬೀರುವಿನಲ್ಲಿಟ್ಟಿದ್ದೆವು. ಹನ್ನೆರಡು ವರ್ಷದ ಮೇಲೆ ತೆಗೆದರೆ ಅರ್ಧಕ್ಕರ್ಧ ಓದಲಿಲ್ಲ. ಈಗ ಪ್ರತಿ ಫೈಲಿಗೂ ಶಾ-256 ಎಂಬ ಲೆಕ್ಕ ಹಾಕಿಸಿ ಇಡುತ್ತೇವೆ. ಅದು ಫೈಲಿನ ಹೆಬ್ಬೆಟ್ಟಿನ ಗುರುತಿದ್ದಂತೆ, 64 ಅಕ್ಷರದ ಸಾಲು. ಒಳಗೆ ಒಂದು ಚುಕ್ಕೆ ಬದಲಾದರೂ ಸಾಲು ಬೇರೆಯೇ ಬರುತ್ತದೆ. ಪ್ರತಿ ಜೂನ್‌ನಲ್ಲಿ ಲೆಕ್ಕ ಮತ್ತೆ ಹಾಕಿಸಿ ತಾಳೆ ನೋಡುತ್ತೇನೆ. ಹೋದ ಸಲ ಒಂದು ಘಟಿಕೋತ್ಸವದ ಚಿತ್ರ ತಾಳೆಯಾಗಲಿಲ್ಲ. ಆಚೆ ಕಟ್ಟಡದ ಡಿಸ್ಕಿನಿಂದ ತಂದು ಹಾಕಿ, ರಿಜಿಸ್ಟರಿನಲ್ಲಿ ತಾರೀಖು ಬರೆದು ಸಹಿ ಮಾಡಿದೆ.