ಹೆಸರು ನೋಡಿ ಸ್ಪ್ಯಾಮ್ ಹಿಡಿದದ್ದು

ನಮ್ಮ ಮೇಲ್ ಸರ್ವರ್‌ಗೆ ಬರುತ್ತಿದ್ದ ಸ್ಪ್ಯಾಮ್‌ನಲ್ಲಿ ಜಾಸ್ತಿ ಪಾಲು ವೈರಸ್ ಹತ್ತಿದ ಮನೆ ಕಂಪ್ಯೂಟರ್‌ಗಳದ್ದು. ಅವುಗಳ ಐಪಿಗೆ (ಇಂಟರ್‌ನೆಟ್‌ನಲ್ಲಿನ ಅಂಕಿಗಳ ವಿಳಾಸ) ಯಾವ ಹೆಸರಿದೆ ಎಂದು ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರು-ವಿಳಾಸಗಳ ಡೈರೆಕ್ಟರಿಯಲ್ಲಿ, ಹುಡುಕಿದರೆ ಜಾತಕ ಸಿಗುತ್ತದೆ. ಹೆಸರಿನೊಳಗೇ ಐಪಿಯ ಅಂಕಿಗಳು, ಪಕ್ಕದಲ್ಲಿ ಮನೆ ಕನೆಕ್ಷನ್‌ನ ಗುರುತಾಗಿ ಡೈನಮಿಕ್, ಡಿಎಸ್‌ಎಲ್, ಪೂಲ್ ಅಂತ ಏನಾದರೂ ಇರುತ್ತದೆ.

ನಾನು ಬಳಸುವುದು ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಪ್ರೋಗ್ರಾಂ. ಐಪಿಯಿಂದ ಸಿಕ್ಕ ಹೆಸರು ತಿರುಗಿ ಅದೇ ಐಪಿಗೆ ಹೋಗದಿದ್ದರೆ ಪೋಸ್ಟ್‌ಫಿಕ್ಸ್ ಆ ಸರ್ವರ್‌ಗೆ 'ಅನ್‌ನೋನ್' ಎಂದೇ ಹೆಸರಿಡುತ್ತದೆ. ಆಗ ಮೂಲ ಹೆಸರು ಕಾಣುವುದಿಲ್ಲ. ಹಾಗಾಗಿ ಅನುಮಾನದ ಪಟ್ಟಿಗೆ ರಿವರ್ಸ್ ಹೆಸರನ್ನೇ (ಐಪಿಯಿಂದ ಸಿಕ್ಕ ಹೆಸರು) ನೇರವಾಗಿ ನೋಡುವ ತಪಾಸಣೆ ಹಾಕಿದೆ. ಅದು 2.6ನೇ ಆವೃತ್ತಿಯಿಂದ ಇದೆ.

ಹೆಸರಿನಲ್ಲಿ ಏನು ಹುಡುಕಬೇಕೆಂಬ ಪ್ಯಾಟರ್ನ್ ಬರೆಯುವಾಗಲೇ ನಿಜವಾದ ಕೆಲಸ. ಸುಮ್ನೆ 'ಪೂಲ್' ಅಂತ ಹುಡುಕಿದರೆ ಲಿವರ್‌ಪೂಲ್ ಊರಿನ ಸರ್ವರ್‌ಗಳೂ ಸಿಕ್ಕಿಬೀಳುತ್ತವೆ ಅಲ್ವಾ? ಪದದ ಎರಡೂ ಕಡೆ ಚುಕ್ಕೆ, ಅಡ್ಡಗೆರೆ ಅಥವಾ ಅಂಕಿ ಇರಲೇಬೇಕು, ಜೊತೆಗೆ ಐಪಿಯ ಅಂಕಿಗಳೂ ಇರಬೇಕು ಎಂದು ಬರೆದೆ. ಎರಡೂ ಸೇರಿದರೆ ಮಾತ್ರ ಅನುಮಾನ.

ಅನುಮಾನ ಬಂದರೂ ಮೇಲ್ ತಿರಸ್ಕರಿಸುವುದಿಲ್ಲ. ಇಂಟರ್‌ನೆಟ್ ಕಂಪನಿ ಕೊಟ್ಟ ಹೆಸರನ್ನು ಬದಲಿಸಲಾಗದ ಸಣ್ಣ ಆಫೀಸುಗಳು ಎಷ್ಟೋ ಇವೆ. ಹಾಗಾಗಿ ಅನುಮಾನ ಬಂದವರನ್ನು ಗ್ರೇಲಿಸ್ಟಿಂಗ್‌ಗೆ, ಅಂದರೆ ಮೊದಲ ಸಲ ವಾಪಸ್ ಕಳಿಸಿ ಮತ್ತೆ ಬಂದರೆ ಒಪ್ಪುವ ವಿಧಾನಕ್ಕೆ, ಕಳಿಸುತ್ತೇನೆ: '450 (ತಾತ್ಕಾಲಿಕ ನಿರಾಕರಣೆಯ ಸಂಕೇತ), ಆಮೇಲೆ ಬಾ'. ಸರಿಯಾದ ಸರ್ವರ್ ಮತ್ತೆ ಬರುತ್ತದೆ, ಕನಿಷ್ಠ 4-5 ದಿನ ಪ್ರಯತ್ನ ಬಿಡಬಾರದು ಎಂದು ಮೇಲ್ ಸಾಗಣೆಯ ನಿಯಮಗಳ ದಾಖಲೆ ಆರ್‌ಎಫ್‌ಸಿ 5321 ಹೇಳುತ್ತದೆ. ಸ್ಪ್ಯಾಮ್ ಕಳಿಸುವ ಪ್ರೋಗ್ರಾಂಗಳಲ್ಲಿ ಎಷ್ಟೋ ಮತ್ತೆ ತಲೆ ಹಾಕುವುದಿಲ್ಲ. ಎಲ್ಲರಿಗೂ ಗ್ರೇಲಿಸ್ಟಿಂಗ್ ಹಾಕಿದರೆ ದೊಡ್ಡ ಮೇಲ್ ಸೇವೆಗಳಿಗೆ ತೊಂದರೆ, ಏಕೆಂದರೆ ಅವು ಪ್ರತಿ ಸಲ ಬೇರೆ ಐಪಿಯಿಂದ ಬಂದು ಹೊಸಬರಂತೆ ಕಾಣಬಹುದು. ಅವುಗಳ ಸರ್ವರ್‌ಗೆ ನೆಟ್ಟಗಿನ ಹೆಸರಿರುವುದರಿಂದ ಈ ನಿಯಮ ಅವುಗಳ ತಂಟೆಗೇ ಹೋಗುವುದಿಲ್ಲ.

ಈ ತಪಾಸಣೆಯಿಲ್ಲದೆ ಒಳಬಿಡುವ, ನಂಬಿದವರ ಪಟ್ಟಿಯ ವಿಷಯ ಬೇರೆ. ರಿವರ್ಸ್ ಹೆಸರನ್ನು ಐಪಿ ಕೈಯಲ್ಲಿರುವವನು ಏನು ಬೇಕಾದರೂ ಇಟ್ಟುಕೊಳ್ಳಬಹುದು. ಅಲ್ಲಿ ಎರಡೂ ಕಡೆಯಿಂದ ತಾಳೆಯಾದ ಹೆಸರನ್ನು ಮಾತ್ರ ಒಪ್ಪುತ್ತೇನೆ. ಆ ಪಟ್ಟಿಯನ್ನು ಸೆಟ್ಟಿಂಗ್‌ನಲ್ಲಿ ರಿಲೇ (ಹೊರಗಿನವರು ನಮ್ಮ ಸರ್ವರ್ ಮೂಲಕ ಬೇರೆಯವರಿಗೆ ಮೇಲ್ ದಾಟಿಸುವುದು) ತಡೆಯುವ ಸಾಲಿನ ಕೆಳಗೇ ಇಡಬೇಕು. 'ಓಕೆ' ಸಿಕ್ಕಿದ ಕೂಡಲೇ ಅದರ ಮುಂದಿನ ಸಾಲುಗಳನ್ನು ಪೋಸ್ಟ್‌ಫಿಕ್ಸ್ ನೋಡುವುದೇ ಇಲ್ಲ.

ನಮ್ಮವರೇ ಮನೆಯಿಂದ ಮೇಲ್ ಕಳಿಸುತ್ತಾರೆ, ಅವರ ಕನೆಕ್ಷನ್‌ಗೂ ಇಂಥದ್ದೇ ಹೆಸರು. ಅವರು ಬಳಕೆದಾರರು ಮೇಲ್ ಒಪ್ಪಿಸುವ ಬೇರೆ ಬಾಗಿಲಾದ 587 ಪೋರ್ಟ್‌ನಲ್ಲಿ ಪಾಸ್‌ವರ್ಡ್ ಕೊಟ್ಟು ಬರುತ್ತಾರೆ, ಅಲ್ಲಿ ಈ ತಪಾಸಣೆಯನ್ನೇ ಹಾಕಿಲ್ಲ.

ಮೊದಮೊದಲು ನಿಯಮವನ್ನು ಎಚ್ಚರಿಕೆ ಬರೆಯಲು ಮಾತ್ರ ಬಿಟ್ಟು, ಲಾಗ್‌ನಲ್ಲಿ ಯಾರ್‍ಯಾರ ಹೆಸರು ಬೀಳುತ್ತದೆ ಎಂದು ನೋಡಿದೆ. ಹೆಸರೇ ಇಲ್ಲದ ಐಪಿಗಳನ್ನೂ ಆಮೇಲೆ ಗ್ರೇಲಿಸ್ಟಿಂಗ್‌ಗೇ ಸೇರಿಸಿದೆ. ಹೆಸರು ತಾಳೆಯಾಗದ ಪ್ರತಿಯೊಬ್ಬರನ್ನೂ ತಳ್ಳುವ ನಿಯಮವೂ ಪೋಸ್ಟ್‌ಫಿಕ್ಸ್‌ನಲ್ಲಿದೆ. ಡಿಎನ್‌ಎಸ್ ಸರಿಯಿಲ್ಲದ ಒಳ್ಳೆಯ ಸರ್ವರ್‌ಗಳು ಬೇಕಾದಷ್ಟಿರುವುದರಿಂದ ಅದನ್ನು ಮುಟ್ಟಿಲ್ಲ.