ಇಳಿಜಾರು ಸೀಲಿಂಗಿನ ಕೆಳಗೆ ಗೇಬಲ್ ಗೋಡೆ: ನಾನು ಕಟ್ಟಿದ ಬಗೆ

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನಮ್ಮ ಮನೆಯ ಹಿತ್ತಲಿಗೆ ಒಂದು ಮರಗೆಲಸದ ಶೆಡ್ ಕಟ್ಟಿಕೊಂಡೆ. ಅಗಲ 24 ಅಡಿ. ಉದ್ದದ ಹಲಗೆ ಎತ್ತಿ ತಿರುಗಿಸಲು ಜಾಗ ಬೇಕಿತ್ತು, ಹಾಗಾಗಿ ಸಿಸರ್ ಟ್ರಸ್ ತರಿಸಿದೆ. ಟ್ರಸ್ ಅಂದರೆ ಚಾವಣಿ ಹೊರುವ ಮರದ ಚೌಕಟ್ಟು; ಸಿಸರ್ ಟ್ರಸ್ಸಿನಲ್ಲಿ ಕೆಳಗಿನ ಮರಗಳು ಕತ್ತರಿಯ ಹಾಗೆ ಓರೆಯಾಗಿರುತ್ತವೆ, ಹಾಗಾಗಿ ಸೀಲಿಂಗೂ ಇಳಿಜಾರಾಗಿ ಬರುತ್ತದೆ. ಹೊರಗಿನ ಚಾವಣಿ 12 ಇಂಚಿಗೆ 6 ಇಂಚು ಏರುತ್ತದೆ, ಒಳಗಿನ ಸೀಲಿಂಗ್ 12ಕ್ಕೆ 3. ನಡುಮಧ್ಯೆ ಸೀಲಿಂಗ್ 3 ಅಡಿ ಮೇಲೆ ಹೋಗುತ್ತದೆ. ಉದ್ದದ ಗೋಡೆಗಳಲ್ಲಿ ವಿಶೇಷವೇನಿಲ್ಲ. ತಲೆ ಕೆಡಿಸಿಕೊಳ್ಳಬೇಕಾದದ್ದು ಎರಡು ತುದಿಯ ಗೇಬಲ್ ಗೋಡೆಗಳಿಗೆ, ಅಂದರೆ ಚಾವಣಿಯ ತ್ರಿಕೋನ ಕಾಣುವ ಬದಿಯ ಗೋಡೆಗಳಿಗೆ.

ಇಲ್ಲಿ ಸಾಮಾನ್ಯವಾಗಿ 8 ಅಡಿ ಗೋಡೆ ಕಟ್ಟಿ, ಅದರ ಮೇಲೆ ತ್ರಿಕೋನದ ಗೇಬಲ್ ಟ್ರಸ್ ನಿಲ್ಲಿಸುತ್ತಾರೆ. ಸೀಲಿಂಗ್ ಸಮತಟ್ಟಾಗಿದ್ದರೆ ಅದು ಸರಿ. ಗೋಡೆಯೂ ಟ್ರಸ್ಸೂ ಸೇರುವ ಜಾಗವನ್ನು ಸೀಲಿಂಗೇ ಒಳಗಿನಿಂದ ಹಿಡಿದಿರುತ್ತದೆ. ಇಳಿಜಾರು ಸೀಲಿಂಗಿನಲ್ಲಿ ಆ ಹಿಡಿತವೇ ಇರುವುದಿಲ್ಲ, ಅಲ್ವಾ? ಜೋರು ಗಾಳಿ ತಳ್ಳಿದರೆ ಆ ಸೇರುವೆ ಬಾಗಿಲ ಕೀಲಿನ ಹಾಗೆ ಮಡಚಿಕೊಳ್ಳುತ್ತದೆ. 1992ರಲ್ಲಿ ಆಂಡ್ರ್ಯೂ ಚಂಡಮಾರುತ ಫ್ಲೋರಿಡಾಕ್ಕೆ ಬಡಿದಾಗ ಗೇಬಲ್ ತುದಿಗಳು ಕುಸಿದು ಎಷ್ಟೋ ಮನೆ ಹಾಳಾದವು. ನಮ್ಮ ಕಡೆಯ ಹೆಂಚಿನ ಮನೆಗಳಲ್ಲಿ ಈ ತ್ರಿಕೋನದ ಭಾಗ ಕಲ್ಲಿನದೋ ಇಟ್ಟಿಗೆಯದೋ ಆಗಿರುತ್ತದೆ, ಅದರ ಭಾರವೇ ಅದಕ್ಕೆ ಆಸರೆ. ಇಲ್ಲಿನ ಮರದ ಗೋಡೆಗೆ ಅಂಥ ಭಾರ ಇಲ್ಲ.

ಅದಕ್ಕೇ ನನ್ನ ಹಟ ಒಂದೇ ಇತ್ತು: ಪ್ರತಿ ಸ್ಟಡ್ (ಗೋಡೆಯೊಳಗಿನ ನಿಲುವು ಮರ) ನೆಲದ ಪ್ಲೇಟಿನಿಂದ (ಸ್ಟಡ್‌ಗಳ ಬುಡಕ್ಕೂ ತಲೆಗೂ ಉದ್ದಕ್ಕೆ ಹಾಕುವ ಮರ) ಸೀಲಿಂಗಿನ ಇಳಿಜಾರಿನವರೆಗೆ ಒಂದೇ ತುಂಡು ಆಗಿರಬೇಕು. 8 ಅಡಿಯಲ್ಲಿ ಜೋಡಣೆ ಕೂಡದು. ಇಲ್ಲಿನ ಕಟ್ಟಡ ನಿಯಮ ಕೇಳುವುದೂ ಅದನ್ನೇ. ಗೋಡೆ ಎತ್ತರವಾದ್ದರಿಂದ ಟೂ ಬೈ ಸಿಕ್ಸ್ ಮರ (ಹೆಸರಿಗೆ 2 ಇಂಚು ದಪ್ಪ, 6 ಇಂಚು ಅಗಲ; ನಿಜವಾದ ದಪ್ಪ ಒಂದೂವರೆ ಇಂಚು) ಬಳಸಿದೆ, ಎಂಜಿನಿಯರ್ ಹತ್ತಿರ ನಕ್ಷೆ ತೋರಿಸಿ ಒಪ್ಪಿಗೆ ಪಡೆದೆ. ಗೇಬಲ್ ಟ್ರಸ್ಸಿನ ತಳವೂ 12ಕ್ಕೆ 3ರ ಇಳಿಜಾರಿನಲ್ಲೇ ಬರಬೇಕು ಎಂದು ಆರ್ಡರಿನಲ್ಲಿ ಸ್ಪಷ್ಟವಾಗಿ ಬರೆಸಿದೆ. ಹೇಳದಿದ್ದರೆ ಸಮತಟ್ಟು ತಳದ್ದು ಬಂದುಬಿಡಬಹುದು.

ಅಳತೆಯನ್ನು ಕಾಗದದ ಮೇಲೆ ಮಾಡುವುದಕ್ಕಿಂತ ಕಾಂಕ್ರೀಟ್ ನೆಲದ ಮೇಲೆ ಚಾಕ್ ದಾರ ಹೊಡೆದು ಪೂರ್ತಿ ಗಾತ್ರದಲ್ಲಿ ಬಿಡಿಸುವುದು ನನಗೆ ಇಷ್ಟ. ಮೊದಲು ಟ್ರಸ್ ಡ್ರಾಯಿಂಗ್ ನೋಡಿ, ಕೆಳಗಿನ ಮರ ಪಕ್ಕದ ಗೋಡೆಯ ಮೇಲೆ ನಿಜವಾಗಿ ಎಲ್ಲಿ ಕೂರುತ್ತದೆ ಎಂದು ಗುರುತು ಹಾಕಿದೆ. ಆ ಬಿಂದು ತಪ್ಪಿದರೆ ಉಳಿದದ್ದೆಲ್ಲ ತಪ್ಪು. ಆಮೇಲೆ ಲೆಕ್ಕ ಸಲೀಸು. 16 ಇಂಚಿಗೊಂದು ಸ್ಟಡ್, 12ಕ್ಕೆ 3ರ ಏರು, ಅಂದರೆ ಪ್ರತಿ ಸ್ಟಡ್ ಹಿಂದಿನದಕ್ಕಿಂತ ಸರಿಯಾಗಿ 4 ಇಂಚು ಉದ್ದ. ತಲೆಯ ಕೊಯ್ತ 14 ಡಿಗ್ರಿ. ನಡುವಿನಿಂದ ಎರಡೂ ಕಡೆಗೆ ಗುರುತು ಹಾಕಿದರೆ ಸ್ಟಡ್‌ಗಳು ಜೋಡಿ ಜೋಡಿಯಾಗಿ ಬರುತ್ತವೆ, ಎರಡೆರಡನ್ನು ಒಟ್ಟಿಗೇ ಕೊಯ್ಯಬಹುದು. ತಲೆಯ ಮೇಲಿನ ಎರಡು ಪ್ಲೇಟಿನ ದಪ್ಪ 3 ಇಂಚಾದರೂ, ಓರೆಯಾಗಿ ಕೂತಾಗ ಲಂಬದಲ್ಲಿ 3 ಇಂಚಿಗಿಂತ ಕೂದಲೆಳೆ ಜಾಸ್ತಿ. ಅದನ್ನೂ ಕಳೆಯಬೇಕು.

ಕಿಟಕಿ ನಡುವೆಯೇ ಬೇಕಿತ್ತು. ಅದು ಅತಿ ಎತ್ತರದ ಸ್ಟಡ್‌ಗಳನ್ನೇ ಕಡಿಯುತ್ತದೆ. ಆದ್ದರಿಂದ ಕಿಟಕಿಯ ಎರಡೂ ಪಕ್ಕ ಜೋಡಿ ಸ್ಟಡ್ ಹಾಕಿ, ಅವನ್ನು ಮೇಲಿನವರೆಗೂ ಒಯ್ದೆ. 8 ಅಡಿಯಲ್ಲಿ ಓಎಸ್‌ಬಿ (ಮರದ ಚಕ್ಕೆ ಅಂಟಿಸಿ ಮಾಡಿದ ಹಲಗೆ) ಶೀಟಿನ ಅಂಚು ಬರುವಲ್ಲಿ ಸ್ಟಡ್‌ಗಳ ನಡುವೆ ಅಡ್ಡ ಮರ ಕೊಟ್ಟೆ. ಗೋಡೆ ನೆಲದ ಮೇಲಿರುವಾಗಲೇ ಶೀಟು ಬಡಿದುಬಿಟ್ಟೆವು. ಭಾರ ಬಹಳ ಆಗುತ್ತದೆ, ವಾಲ್ ಜ್ಯಾಕ್ (ಗೋಡೆ ಎತ್ತಿ ನಿಲ್ಲಿಸುವ ಸಾಧನ) ಇಲ್ಲದೆ ಎತ್ತುವ ಧೈರ್ಯ ಮಾಡಬೇಡಿ. ನಿಂತ ತಕ್ಷಣ ಒಳಗಿನಿಂದ ಓರೆ ಆಸರೆ ಕೊಟ್ಟೆವು.

ಗೇಬಲ್ ಟ್ರಸ್ ಈ ಗೋಡೆಯ ಮೇಲೆ ಉದ್ದಕ್ಕೂ ಕೂರುತ್ತದೆ, ಹಾಗಾಗಿ ಅಲುಗುವುದಿಲ್ಲ. ಮುಂದಿನ ಟ್ರಸ್‌ಗಳು ಹಾಗಲ್ಲ. ಭಾರ ಬಿದ್ದಾಗ ಸಿಸರ್ ಟ್ರಸ್ ಸ್ವಲ್ಪ ಹೊರಕ್ಕೆ ಸರಿಯುತ್ತದೆ, ಎಷ್ಟು ಎಂಬುದು ಡ್ರಾಯಿಂಗ್‌ನಲ್ಲೇ ಇರುತ್ತದೆ. ಅವಕ್ಕೆ ಒಂದು ಬದಿಯಲ್ಲಿ ಉದ್ದ ತೂತಿನ ಜಾರುವ ಕ್ಲಿಪ್ ಹಾಕಿ, ಮೊಳೆಯ ತಲೆಯನ್ನು ಒಂಚೂರು ಮೇಲೆ ಬಿಟ್ಟೆ.