ಒಂದು ವಾರ 1942ರ ರೇಷನ್‌ನಲ್ಲಿ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನಮ್ಮ ಮನೆ ಮುಂದಿನ ಮೋಟು ಗೋಡೆಯ ಮೇಲೆ ಸಾಲಾಗಿ ಕಬ್ಬಿಣದ ಮೊಂಡುಗಳಿವೆ. ಒಂದೊಂದೂ ಹೆಬ್ಬೆರಳಿನಷ್ಟು ದಪ್ಪ. ಮಳೆ ಬಂದರೆ ತುಕ್ಕು ಇಳಿದು ಕಲ್ಲಿನ ಮೇಲೆ ಕೆಂಪು ಗೆರೆ ಬೀಳುತ್ತದೆ. ಯಾರೋ ಕಳ್ಳರ ಕೆಲಸ ಅಂದುಕೊಂಡಿದ್ದೆ. ಪಕ್ಕದ ಮನೆ ಅಜ್ಜಿ ನಕ್ಕರು. ಎರಡನೇ ಮಹಾಯುದ್ಧದಲ್ಲಿ ಸರ್ಕಾರವೇ ಬೀದಿಬೀದಿಯ ಕಂಬಿಬೇಲಿಗಳನ್ನು ಕೊಯ್ದು ಗುಜರಿಗೆ ಒಯ್ದಿತಂತೆ. ಆ ಕಬ್ಬಿಣದಲ್ಲಿ ನಿಜಕ್ಕೂ ಎಷ್ಟು ಉಪಯೋಗಕ್ಕೆ ಬಂತು ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಅಜ್ಜಿಗೆ ಆಗ ಎಂಟು ವರ್ಷ. ಅವರ ರೇಷನ್ ಕಥೆ ಕೇಳಿ ನನ್ನ ತಲೆಗೆ ಹುಳ ಹೊಕ್ಕಿತು. ಊರಲ್ಲಿ ಸೊಸೈಟಿ ಮುಂದೆ ಸಕ್ಕರೆ, ಸೀಮೆಎಣ್ಣೆಗೆ ಕ್ಯೂ ನಿಂತವಳು ನಾನು. ಒಂದು ವಾರ ಹಾಗೇ ಉಂಡು ನೋಡೋಣ್ವಾ ಅಂತ ಮನೆಯವರನ್ನು ಕೇಳಿದೆ. "ಕಾಫಿ ಇರುತ್ತಾ?" ಅಂದರು.

ಇರುತ್ತೆ! ಬ್ರಿಟನ್‌ನಲ್ಲಿ 1940ರ ಜುಲೈನಿಂದ ಟೀ ಪುಡಿಗೆ ರೇಷನ್ ಬಂತು, ವಾರಕ್ಕೆ ತಲೆಗೆ 57 ಗ್ರಾಂ. ಕಾಫಿಗೆ ರೇಷನ್ ಬರಲೇ ಇಲ್ಲ. ಅರ್ಧ ಯುದ್ಧ ಗೆದ್ದಂತೆ ಅಂತ ಇಬ್ಬರೂ ಬೀಗಿದೆವು.

ಪಾಲು ಆಗಾಗ ಏರಿಳಿಯುತ್ತಿತ್ತು. ನಾನು ಹಿಡಿದ ಲೆಕ್ಕ ಇದು: ತಲೆಗೆ ವಾರಕ್ಕೆ ಸಕ್ಕರೆ 227 ಗ್ರಾಂ, ಬೆಣ್ಣೆ 57, ಮಾರ್ಗರೀನ್ 113, ಚೀಸ್ 57, ಹಾಲು ಸುಮಾರು 1.7 ಲೀಟರ್. ಮಾಂಸದ ಕೂಪನ್ ಬಿಟ್ಟುಕೊಟ್ಟು ಸಸ್ಯಾಹಾರಿ ಅಂತ ಬರೆಸಿಕೊಂಡವರಿಗೆ ಚೀಸ್ ಜಾಸ್ತಿ ಸಿಗುತ್ತಿತ್ತು. ಅಕ್ಕಿ, ಬೇಳೆ ಪಾಯಿಂಟ್ಸ್ ಲೆಕ್ಕದಲ್ಲಿ, ಅಂದರೆ ಕೊಟ್ಟಷ್ಟು ಪಾಯಿಂಟ್ಸ್‌ನೊಳಗೆ ಬೇಕಾದ್ದನ್ನು ಆರಿಸಿಕೊಳ್ಳೋದು, ಇಷ್ಟೇ ಅಂತ ಪಾಲಿಲ್ಲ. ಹಾಗಾಗಿ ಇಬ್ಬರಿಗೂ ಸೇರಿ ಅರ್ಧ ಕಿಲೋ ಅಕ್ಕಿ, ಕಾಲು ಕಿಲೋ ಬೇಳೆ ಅಂತ ನಾನೇ ಮಿತಿ ಹಾಕಿಕೊಂಡೆ. ಹಂದಿ ಕೊಬ್ಬಿನ ಬದಲು ಎಣ್ಣೆ. ಅದೊಂದು ಮೋಸ, ಒಪ್ಪಿಕೊಳ್ತೀನಿ. ಮಸಾಲೆಪುಡಿ ಡಬ್ಬಿಗಳನ್ನೂ ಬಿಟ್ಟುಕೊಡಲಿಲ್ಲ.

ಮೊದಲ ದಿನ ಇಬ್ಬರ ಬೆಣ್ಣೆಯನ್ನೂ ಸೇರಿಸಿ ಕಾಯಿಸಿದೆ. 114 ಗ್ರಾಂ ಬೆಣ್ಣೆ ನೊರೆ ಎದ್ದು ಇಳಿದ ಮೇಲೆ ಉಳಿದ ತುಪ್ಪ ಉಪ್ಪಿನಕಾಯಿ ಬಟ್ಟಲಿನಷ್ಟು. ಇದರಲ್ಲೇ ಏಳು ದಿನ. ಚಮಚದ ತುದಿಯಲ್ಲಿ ಬಡಿಸಿದೆ. ಮಿಳ್ಳೆ ಎತ್ತಿ ಸುರಿಯೋ ಕೈ, ಅಲ್ವಾ, ನಡುಗಿತು.

ಬ್ರೆಡ್ ಯುದ್ಧ ನಡೆಯುವಾಗ ರೇಷನ್ ಆಗಿರಲಿಲ್ಲ, ಮುಗಿದ ಮೇಲೆ 1946ರಲ್ಲಿ ಆಯಿತು. ಆದರೆ 1942ರಲ್ಲಿ ಬಿಳಿ ಬ್ರೆಡ್ ಹೋಗಿ ನ್ಯಾಷನಲ್ ಲೋಫ್ ಬಂತು. ಗೋಧಿಯ ನೂರಕ್ಕೆ 85 ಪಾಲು ಹಿಟ್ಟಿಗೇ ಹೋಗುತ್ತಿದ್ದ ಕಂದು ಬ್ರೆಡ್. ಜನ ಮುಖ ಸಿಂಡರಿಸಿದರಂತೆ. ನಮ್ಮ ಚಪಾತಿ ಹಿಟ್ಟಿಗೆ ಹತ್ತಿರದ್ದೇ! ದಿನಾ ರಾತ್ರಿ ಚಪಾತಿ ಲಟ್ಟಿಸಿದೆ. ಆಲೂಗಡ್ಡೆ, ಕ್ಯಾರೆಟ್‌ಗೆ ಮಿತಿ ಇರಲಿಲ್ಲ, ಪಲ್ಯಕ್ಕೆ ಏನೂ ಕೊರತೆ ಆಗಲಿಲ್ಲ.

ಈರುಳ್ಳಿ ಮಾತ್ರ ಇಲ್ಲ. ಫ್ರಾನ್ಸ್ ಕಡೆಯಿಂದ ಬರುತ್ತಿದ್ದದ್ದು ನಿಂತು, ಇಲ್ಲಿ ಈರುಳ್ಳಿಯನ್ನು ಲಾಟರಿ ಬಹುಮಾನಕ್ಕೆ ಇಡುವ ಕಾಲ ಬಂದಿತ್ತು. ನನ್ನಜ್ಜಿ ಚಾತುರ್ಮಾಸದಲ್ಲಿ ಮಾಡುತ್ತಿದ್ದ ಅಡುಗೆ ನೆನಪಿಸಿಕೊಂಡು ಸಂಭಾಳಿಸಿದೆ. ಹುಣಸೆ, ನಿಂಬೆ ಇಲ್ಲದ ಹುಳಿಗೆ ಏನು ಮಾಡೋದು? ಪಕ್ಕದ ಮನೆ ಅಜ್ಜಿ ಬೇಲಿ ಮೇಲಿಂದ ರೂಬಾರ್ಬ್ ದಂಟು ಕೊಟ್ಟರು. ಎಲೆ ವಿಷ, ಕತ್ತರಿಸಿ ಎಸೆಯಬೇಕು. ದಂಟು ಬೇಯಿಸಿ ಕಿವುಚಿದರೆ ನಾಲಿಗೆ ಚುರುಗುಟ್ಟುವ ಹುಳಿ. ಬೇಳೆಗೆ ಹಾಕಿ ಇಂಗಿನ ಒಗ್ಗರಣೆ ಕೊಟ್ಟೆ. ಮನೆಯವರು ಎರಡನೇ ಸಲ ಬಡಿಸಿಕೊಂಡರು. ನಾವು ಮುಟ್ಟದ ಟೀ ಪೊಟ್ಟಣ ಅಜ್ಜಿಗೆ ಹೋಯಿತು.

ಸೋತದ್ದು ಹಾಲಿನಲ್ಲಿ. ದಿನಕ್ಕೆ ತಲೆಗೆ ಕಾಲು ಲೀಟರೂ ಇಲ್ಲ, ಅದರಲ್ಲೇ ಎರಡು ಹೊತ್ತಿನ ಕಾಫಿ, ಅದರಲ್ಲೇ ಮೊಸರು. ನಾಲ್ಕನೇ ದಿನ ಮಜ್ಜಿಗೆಗೆ ನೀರು ಹಾಕಿ ಹಾಕಿ ಹೆಪ್ಪಿಗೂ ಗತಿ ಇಲ್ಲದಂತಾಯಿತು. ಸಕ್ಕರೆಯೋ, ಮಿಕ್ಕಿತು. ಚೀಸ್ ಏನು ಮಾಡಬೇಕೋ ತೋಚದೆ ಚಪಾತಿ ಮೇಲೆ ತುರಿದೆವು.

ಹಸಿದು ಮಲಗಿದ ದಿನ ಒಂದೂ ಇರಲಿಲ್ಲ. ಬಡವರಿಗೂ ಶ್ರೀಮಂತರಿಗೂ ಒಂದೇ ಪಾಲು ಅನ್ನುವ ಲೆಕ್ಕ ಇಲ್ಲಿ ಕೆಲಸ ಮಾಡಿತ್ತು. ಆದರೆ ಅರ್ಧ ಕಿಲೋ ಅಕ್ಕಿ ಅಳೆಯುವಾಗ ಸುಮ್ಮನಿರೋಕೆ ಆಗಲಿಲ್ಲ. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿ ಅಲ್ಲಿನ ಅಕ್ಕಿ ನಿಂತಿತು. ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ, ರೋಗದಿಂದ ಸತ್ತರು. ಇಲ್ಲೂ ಬಂಗಾಳದಲ್ಲೂ ಆಳುತ್ತಿದ್ದದ್ದು ಒಂದೇ ಸರ್ಕಾರ. ಅಜ್ಜಿಗೆ ಇದನ್ನು ಹೇಳಿದಾಗ ಅವರು ತುಂಬ ಹೊತ್ತು ಮಾತಾಡಲಿಲ್ಲ.

ಗುಜರಿಯನ್ನೂ ಬಿಡಲಿಲ್ಲ. ಆಗ ಮನೆಮನೆಯಿಂದ ಕಾಗದ, ಲೋಹ, ಚಿಂದಿ, ಮೂಳೆ ಎಲ್ಲ ಬೇರೆ ಬೇರೆ ಹೋಗುತ್ತಿತ್ತು, ಸಿಪ್ಪೆ ಹಂದಿ ಸಾಕುವವರಿಗೆ. 1940ರಲ್ಲಿ ವಿಮಾನಕ್ಕೆ ಅಂತ ಹೆಂಗಸರು ಅಲ್ಯುಮಿನಿಯಂ ಪಾತ್ರೆಗಳನ್ನೂ ಕೊಟ್ಟುಬಿಟ್ಟರು. ನನ್ನ ಇಡ್ಲಿ ತಟ್ಟೆ ನೋಡಿಕೊಂಡೆ. ಕೊಡ್ತಿದ್ನಾ? ಗೊತ್ತಿಲ್ಲ.

ಹಿತ್ತಲ ಬಾಗಿಲಲ್ಲಿ ಡಬ್ಬಗಳನ್ನಿಟ್ಟೆ. ಆಲೂಗಡ್ಡೆ ಸಿಪ್ಪೆ ಸಮೇತ ತಿಂದದ್ದಕ್ಕೆ ಹಂದಿ ಡಬ್ಬ ಹೆಚ್ಚುಕಡಿಮೆ ಖಾಲಿ. ಲೋಹಕ್ಕೆ ಎರಡು ಟೊಮೆಟೊ ಡಬ್ಬಿ. ಕಾಗದದ್ದು ಮಾತ್ರ ತುಂಬಿ ಹೊರಳಿತು. ನಮ್ಮ ಮನೆಯವರು ಆನ್‌ಲೈನ್‌ನಲ್ಲಿ ತರಿಸಿದ ಪಾರ್ಸೆಲ್‌ಗಳ ರಟ್ಟೇ ಎಲ್ಲಾ. ತೂಗಿದರೆ ಮೂರೂಕಾಲು ಕಿಲೋ, ನಾವಿಬ್ಬರೂ ತಿಂದ ಅಕ್ಕಿಯ ಆರು ಪಟ್ಟಿಗೂ ಮೇಲೆ.

ಎಂಟನೇ ದಿನ ಬೆಳಿಗ್ಗೆ ಗಟ್ಟಿ ಹಾಲಿನ ಕಾಫಿ ಕುಡಿಯುತ್ತಿದ್ದಾಗ ಬೆಲ್ ಆಯಿತು. ಮನೆಯವರು ಪಾರ್ಸೆಲ್ ಇಸಿದುಕೊಂಡು ಬಂದು, ಏನೂ ಮಾತಾಡದೆ, ತಕ್ಕಡಿ ಮೇಲಿಟ್ಟರು.